ಮರಿಯಮ್ಮ ಮಾತೆಯ ಹಳೆಯ ಚಿತ್ರ: ಚಂದ್ರ, ಹಾವು ತೆಗೆಯಬಹುದಾ? ಮೂಲೆಯಲ್ಲಿ ಮಂಡಿಯೂರಿದವನು ಯಾರು?

ವಾಸ್ಕೋ ಪೇಂಟರ್:

ಎಲ್ಲರಿಗೂ ನಮಸ್ಕಾರ. ನಾನು ಲಕ್ಷ್ಮೇಶ್ವರದ ಕಡೆಯವನು. 19 ವರ್ಷದಿಂದ ಗೋವಾದ ವಾಸ್ಕೋದಲ್ಲಿ ಬೋರ್ಡ್ ಬರೆಯುತ್ತಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡ್ ಕೆಲಸ ಕಡಿಮೆಯಾಯಿತು. ಈಗ ದೋಣಿಗಳ ಮೇಲೆ ಹೆಸರು ಬರೆಯುವುದು, ಮನೆ ಮುಂದಿನ ಶಿಲುಬೆಗೆ ಬಣ್ಣ ಹೊಡೆಯುವುದು, ಫೆಸ್ತ್ (ಚರ್ಚಿನ ಹಬ್ಬ) ಹತ್ತಿರ ಬಂದಾಗ ಕಪೆಲ್‌ಗಳ (ಚಿಕ್ಕ ಪ್ರಾರ್ಥನಾ ಮಂದಿರಗಳ) ಕೆಲಸ, ಇದರಲ್ಲೇ ಜೀವನ ನಡೆಯುತ್ತಿದೆ.

ಹೋದ ವಾರ ಒಂದು ಚಿಕ್ಕ ಕಪೆಲ್‌ನಿಂದ ಮಾತೆಯ ಚಿತ್ರ ನನ್ನ ಮನೆಗೆ ಬಂದಿದೆ. ಕ್ಯಾನ್ವಾಸ್ ಮೇಲಿನ ಆಯಿಲ್ ಪೇಂಟಿಂಗ್. ಎರಡೂವರೆ ಅಡಿ ಅಗಲ, ನಾಲ್ಕಡಿ ಎತ್ತರ. ತುಂಬಾ ಹಳೆಯದು. ಮೇಲಿನ ವಾರ್ನಿಶ್ ಕಂದಾಗಿ ಚಹಾ ಸುರಿದ ಹಾಗಿದೆ. ಮಾತೆ ನಿಂತಿದ್ದಾಳೆ, ಬಿಳಿ ಅಂಗಿ, ಮೇಲೆ ನೀಲಿ ಹೊದಿಕೆ. ತಲೆಯ ಸುತ್ತ ನಕ್ಷತ್ರಗಳಿವೆ. ಒಂಬತ್ತು ಕಾಣುತ್ತವೆ, ಬಲಗಡೆ ಬಣ್ಣ ಎದ್ದು ಹೋಗಿದೆ. ಕಾಲ ಕೆಳಗೆ ಅರ್ಧಚಂದ್ರ, ಅದರ ತುದಿಗಳು ಕೆಳಮುಖ. ಅದರ ಕೆಳಗೆ ಹಾವು, ಬಾಯಲ್ಲಿ ದುಂಡಗಿನದು ಏನೋ ಇದೆ. ಒಂದು ಪುಟ್ಟ ದೇವದೂತ ಕನ್ನಡಿ ಹಿಡಿದಿದ್ದಾನೆ. ಹಿಂದೆ ದೂರದಲ್ಲಿ ಒಂದು ಗೋಪುರ. ಇನ್ನು ಕೆಳಗೆ ಎಡ ಮೂಲೆಯಲ್ಲಿ ಒಬ್ಬ ಗಂಡಸು ಮಂಡಿಯೂರಿ ಕೈ ಮುಗಿದಿದ್ದಾನೆ. ಇಡೀ ಆಳು ನನ್ನ ಅಂಗೈಯಷ್ಟೇ. ಉದ್ದನೆಯ ಬಿಳಿ ಅಂಗಿ, ಹೆಗಲ ಮೇಲೆ ಕೆಂಪು ತುಂಡು ಹೊದಿಕೆ.

ಈ ಸಲದ ಫೆಸ್ತ್ ಖರ್ಚು ಹೊತ್ತ ಮನೆಯವರು (ಇಲ್ಲಿ ಫೆಸ್ತಾಕಾರ್ ಅನ್ನುತ್ತಾರೆ) ಮೂರು ಮಾತು ಹೇಳಿದರು. ಹಾವು ತೆಗೆಯಿರಿ, ಮಕ್ಕಳು ಹೆದರುತ್ತಾರೆ. ಚಂದ್ರನನ್ನೂ ತೆಗೆಯಿರಿ, ಶಿವನ ಚಂದ್ರ ಇಲ್ಲಿ ಯಾಕೆ ಅಂತ ಜನ ಕೇಳುತ್ತಾರೆ. ಮೂರನೆಯದು, ಮೂಲೆಯಲ್ಲಿರುವವನ ಮುಖ ಅಳಿಸಿ ಹೋದ ವರ್ಷ ತೀರಿಕೊಂಡ ನಮ್ಮ ತಂದೆಯ ಮುಖ ಬರೆಯಿರಿ. ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಎಲ್ಲವನ್ನೂ ಇದೇ ಕ್ಯಾನ್ವಾಸ್ ಮೇಲೆ ಮಾಡಬೇಕಂತೆ.

ದುಡ್ಡು ಒಳ್ಳೆಯದೇ ಕೊಡುತ್ತಾರೆ. ಆದರೂ ಬ್ರಶ್ ಹಿಡಿದರೆ ಕೈ ಏಳುತ್ತಿಲ್ಲ. ನಮ್ಮ ಮನೆಯಲ್ಲಿ ಎಲ್ಲಮ್ಮನ ಫೋಟೋಗೆ ಪೂಜೆ ಮಾಡುತ್ತೇವೆ. ಎಲ್ಲಮ್ಮನ ಕೈಯಲ್ಲಿರುವುದನ್ನು ತೆಗೆದು ಬೇರೆ ಏನೋ ಇಡು ಅಂದರೆ ನಾನು ಇಡುತ್ತೇನಾ? ಹಾಗಾದರೆ ಇವರ ದೇವರ ಚಿತ್ರದಲ್ಲಿ ಹೇಗೆ ಇಡಲಿ? ಚಂದ್ರ, ಹಾವು, ಕನ್ನಡಿಗೆಲ್ಲ ಏನು ಅರ್ಥ? ಆ ಮನುಷ್ಯ ಯಾರು? ತಿಳಿದವರು ಹೇಳಿ. ಫೆಸ್ತ್ ಡಿಸೆಂಬರ್ 8ಕ್ಕೆ.

ಸಾಂತಾಕ್ರೂಜ್ ಟೀಚರ್:

ಅಣ್ಣಾ, ನಿಮ್ಮ ಕೈ ಏಳಲಿಲ್ಲ ಅಂದಿರಲ್ಲ, ಅದನ್ನು ಓದಿ ನನ್ನ ಕಣ್ಣು ತುಂಬಿತು. ನಾನು ಮಂಗಳೂರಿನ ಕಥೋಲಿಕ ಹೆಂಗಸು, ಮದುವೆಯಾಗಿ ಮುಂಬೈಗೆ ಬಂದು 34 ವರ್ಷ ಆಯಿತು. ಇಲ್ಲಿಯ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮಪಾಠ, ಕಲಿಸುತ್ತೇನೆ. ಚಂದ್ರ ತೆಗೆದರೆ ಇದು ಬೇರೆಯೇ ಚಿತ್ರ ಆಗಿಬಿಡುತ್ತದೆ. ದಯವಿಟ್ಟು ತೆಗೆಯಬೇಡಿ.

ಡಿಸೆಂಬರ್ 8 ಅಂದರೆ ಅಮಲೋದ್ಭವ ಮಾತೆಯ ಹಬ್ಬ. ಮರಿಯಮ್ಮ ತಾಯಿಯ ಹೊಟ್ಟೆಯಲ್ಲಿ ಮೂಡಿದ ಕ್ಷಣದಿಂದಲೇ ಪಾಪದ ಕಲೆ ಇಲ್ಲದವಳು ಅಂತ ನಮ್ಮ ನಂಬಿಕೆ. ಈಗ ಯೋಚಿಸಿ, ಇದನ್ನು ಚಿತ್ರದಲ್ಲಿ ಹೇಗೆ ತೋರಿಸುವುದು? ಯೇಸು ಹುಟ್ಟಿದ್ದನ್ನು ಬರೆಯಬಹುದು, ಶಿಲುಬೆ ಬರೆಯಬಹುದು. 'ಕಲೆ ಇಲ್ಲ' ಅನ್ನುವುದಕ್ಕೆ ಕಣ್ಣಿಗೆ ಕಾಣುವ ಘಟನೆಯೇ ಇಲ್ಲ. ಅದಕ್ಕೇ ಹಳಬರು ಬೈಬಲಿನಿಂದ ಒಂದೊಂದೇ ಗುರುತು ಆರಿಸಿ ಜೋಡಿಸಿದರು. ಪ್ರಕಟನೆ ಪುಸ್ತಕದ 12ನೇ ಅಧ್ಯಾಯದಲ್ಲಿ ಒಬ್ಬ ಸ್ತ್ರೀ ಬರುತ್ತಾಳೆ. ಸೂರ್ಯನನ್ನೇ ಉಟ್ಟವಳು, ಕಾಲಡಿಯಲ್ಲಿ ಚಂದ್ರ, ತಲೆಯ ಮೇಲೆ 12 ನಕ್ಷತ್ರಗಳ ಕಿರೀಟ. ನೀವು ಎಣಿಸಿದ್ದು ಒಂಬತ್ತು ಅಲ್ವಾ? ಮೂರು ಉದುರಿವೆ. ಹಾವು ಆದಿಕಾಂಡದ್ದು, ಆದಾಮ ಏವರ ತೋಟದ್ದು. ಅದರ ಬಾಯಲ್ಲಿರುವುದು ಅವರು ತಿಂದ ಹಣ್ಣು. ಹಾವು ಹೆದರಿಸಲಿಕ್ಕೆ ಅಲ್ಲ, ಸೋತಿದೆ ಅಂತ ತೋರಿಸಲಿಕ್ಕೆ ಇದೆ. ಮಕ್ಕಳಿಗೆ ಹೀಗೆ ಹೇಳಿದರೆ ಅವರು ಹೆದರುವುದಿಲ್ಲ, ಇನ್ನೂ ಹತ್ತಿರ ಹೋಗಿ ನೋಡುತ್ತಾರೆ. ನನ್ನ ಕ್ಲಾಸಿನ ಮಕ್ಕಳು ಹಾಗೆಯೇ ಮಾಡುತ್ತಾರೆ.

ಶಿವನ ಚಂದ್ರ ಅಂತ ಕೇಳುವವರಿಗೆ ನೀವೇ ಹೇಳಿ. ಅದು ತಲೆಯ ಮೇಲಿನ ಚಂದ್ರ, ಇದು ಕಾಲ ಕೆಳಗಿನ ಚಂದ್ರ. ಅದರ ಕತೆ ಬೇರೆ, ಇದರ ಕತೆ ಬೇರೆ. ಎರಡಕ್ಕೂ ಕೈ ಮುಗಿಯುವವರು ಇದ್ದಾರೆ.

ಚಂದ್ರನ ತುದಿ ಕೆಳಮುಖ ಅಂತ ನೀವು ಬರೆದದ್ದು ನನಗೆ ಬಹಳ ಖುಷಿ ಕೊಟ್ಟಿತು. ಸ್ಪೇನಿನ ಸೆವಿಲ್ಯಾದಲ್ಲಿ ಫ್ರಾನ್ಸಿಸ್ಕೊ ಪಚೆಕೊ ಅಂತ ಒಬ್ಬ ಚಿತ್ರಕಾರ ಇದ್ದ. ದೊಡ್ಡ ಕಲಾವಿದ ವೆಲಾಸ್ಕೆಸ್‌ಗೆ ಗುರು, ಮಾವ ಕೂಡ. ಚರ್ಚಿನ ವಿಚಾರಣಾ ಮಂಡಳಿಯ ಪರವಾಗಿ ದೇವರ ಚಿತ್ರಗಳನ್ನು ಪರೀಕ್ಷೆ ಮಾಡುವ ಕೆಲಸವೂ ಅವನದೇ. ಅವನು ಚಿತ್ರಕಲೆಯ ಬಗ್ಗೆ ಬರೆದ ಪುಸ್ತಕ ಅವನು ತೀರಿಕೊಂಡ ಮೇಲೆ 1649ರಲ್ಲಿ ಅಚ್ಚಾಯಿತು. ಈ ಮಾತೆಯನ್ನು ಹೇಗೆ ಬರೆಯಬೇಕು ಅಂತ ಅದರಲ್ಲಿ ಅಳತೆ ಹಿಡಿದ ಹಾಗೆ ಹೇಳಿದ್ದಾನೆ. ಹನ್ನೆರಡು ಹದಿಮೂರು ವಯಸ್ಸಿನ ಹುಡುಗಿಯಾಗಿರಬೇಕು. ಬಿಳಿ ಅಂಗಿ, ನೀಲಿ ಹೊದಿಕೆ, 12 ನಕ್ಷತ್ರ. ಚಂದ್ರನ ತುದಿ ಕೆಳಗೆ. ನಿಮ್ಮ ಕಪೆಲ್‌ನ ಚಿತ್ರ ಬರೆದ ಪುಣ್ಯಾತ್ಮ ಆ ಪದ್ಧತಿಯನ್ನು ಎಲ್ಲೋ ನೋಡಿ ಕಲಿತಿದ್ದಾನೆ. ಪೋಪ್ ಒಂಬತ್ತನೇ ಪಿಯುಸ್ ಇದನ್ನು ಎಲ್ಲರೂ ನಂಬಲೇಬೇಕಾದ ಸತ್ಯ ಅಂತ ಸಾರಿದ್ದು 1854ರಲ್ಲಿ. ಚಿತ್ರ ಬರೆಯುವವರು ಅದಕ್ಕೂ ಇನ್ನೂರು ವರ್ಷ ಮೊದಲೇ ಬರೆದಾಗಿತ್ತು!

ಕನ್ನಡಿ, ಗೋಪುರ ಎಲ್ಲಿಂದ ಬಂತು ಅಂದರೆ, ವಾಸ್ಕೋದಲ್ಲಿ ಶಿಲುಬೆಯ ಮುಂದೆ ಸಂಜೆ ಜನ ಸೇರಿ ಲದಿನ್ ಹಾಡುವುದನ್ನು ನೀವು ಕೇಳಿರುತ್ತೀರಿ. ಅದರಲ್ಲಿ ಮಾತೆಯನ್ನು ಒಂದೊಂದೇ ಹೆಸರು ಹಿಡಿದು ಕರೆಯುತ್ತಾರೆ. ನ್ಯಾಯದ ಕನ್ನಡಿಯೇ, ದಾವೀದನ ಗೋಪುರವೇ ಅಂತ. ಆ ಹಾಡೇ ನಿಮ್ಮ ಚಿತ್ರದಲ್ಲಿದೆ.

ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೂ ಮಂಗಳೂರಿನ ಅಲೋಶಿಯಸ್ ಚಾಪೆಲ್‌ಗೆ ಕೈ ಹಿಡಿದು ಕರೆದುಕೊಂಡು ಹೋದರೆ ಮೇಲೆ ನೋಡುತ್ತಾ ಒಬ್ಬೊಬ್ಬರ ಹೆಸರೂ ಹೇಳುತ್ತಿದ್ದರು. ಕೀಲಿಕೈ ಇದ್ದರೆ ಪೇತ್ರ, ಕತ್ತಿ ಇದ್ದರೆ ಪೌಲ. ಆ ಗೋಡೆ, ಛಾವಣಿ ಎಲ್ಲಾ ಬರೆದವರು ಅಂತೋನಿಯೊ ಮೊಸ್ಕೇನಿ, ಇಟಲಿಯ ಜೆಸ್ವಿತ್ ಬ್ರದರ್. 1900ರ ಆಸುಪಾಸಿನ ಕೆಲಸ. ಅವರು ತೀರಿಕೊಂಡದ್ದು 1905ರಲ್ಲಿ, ಕೊಚ್ಚಿಯಲ್ಲಿ. ಅಜ್ಜಿ ಅವರ ಹೆಸರು ಕೇಳಿರಲಿಲ್ಲ. ಆದರೆ ಅವರು ಬರೆದದ್ದನ್ನು ಒಂದೂ ತಪ್ಪಿಲ್ಲದೆ ಓದುತ್ತಿದ್ದರು.

ಮೂಲೆಯ ಮನುಷ್ಯನ ವಿಷಯ ನನಗಿಂತ ಗೋವಾದವರು ಚೆನ್ನಾಗಿ ಹೇಳುತ್ತಾರೆ.

ವಾಸ್ಕೋ ಪೇಂಟರ್:

ಅಕ್ಕಾ, ದೊಡ್ಡ ಉಪಕಾರ ಆಯಿತು. ನಿಮ್ಮ ಮಾತು ಓದಿ ಮತ್ತೆ ಟಾರ್ಚ್ ಹಿಡಿದು ನೋಡಿದೆ. ಬಲಗಡೆ ಮೂರು ಕಡೆ ಬರೀ ನಕ್ಷತ್ರದ ಕಾಲು ಉಳಿದಿದೆ. ಸರಿಯಾಗಿ 12!

ಹಳೇ ಗೋವಾ ಗೈಡ್, ಕಾರವಾರದವನು:

ಪೇಂಟರ್ ಅಣ್ಣ, ಮೊದಲು ಒಂದು ಮಾತು. ಆ ಕ್ಯಾನ್ವಾಸ್ ಮೇಲೆ ಒಂದು ಹನಿ ಬಣ್ಣವನ್ನೂ ಹಾಕಬೇಡಿ. ನೀರು, ಸೋಪು, ಆಲೂಗಡ್ಡೆ, ಟರ್ಪೆಂಟೈನ್, ಯಾವುದರಿಂದಲೂ ಒರೆಸಬೇಡಿ. ಬಣ್ಣ ಎದ್ದಿರುವ ಕಡೆ ಬಟ್ಟೆ ಸೋಕಿದರೂ ಪದರ ಉದುರುತ್ತದೆ. ಬಿಸಿಲಿಗೂ ಇಡಬೇಡಿ. ಹಳೇ ಗೋವಾದ ಸಾಂತಾ ಮೊನಿಕಾ ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಕಲೆಯ ಮ್ಯೂಸಿಯಂ ಇದೆ. ಒಮ್ಮೆ ಹೋಗಿ ಫೋಟೋ ತೋರಿಸಿ ಕೇಳಿ.

ಮಂಡಿಯೂರಿದವನು ದಾನಿ. ಚಿತ್ರ ಮಾಡಿಸಿದವನು. ಯುರೋಪಿನಲ್ಲಿ ಶತಮಾನಗಳಿಂದ ಹೀಗೇ ಇದೆ. ದುಡ್ಡು ಕೊಟ್ಟವನು ಮೂಲೆಯಲ್ಲಿ, ಚಿಕ್ಕದಾಗಿ, ಕೈ ಮುಗಿದು. ಯಾಕೆ ಅಷ್ಟು ಚಿಕ್ಕದು? ಮಾತೆಯ ಮುಂದೆ ತಾನು ಸಣ್ಣವನು ಅಂತ. ಆದರೆ ಆ ಚಿತ್ರದ ಮುಂದೆ ಎಷ್ಟು ಜನ ಬೇಡಿಕೊಂಡರೂ ಅವರ ಜೊತೆ ಅವನೂ ಬೇಡಿಕೊಳ್ಳುತ್ತಾ ಇರುತ್ತಾನೆ. ಸತ್ತ ಮೇಲೂ. ಅವನು ದುಡ್ಡು ಕೊಟ್ಟದ್ದೇ ಅದಕ್ಕೆ. ನೀವು ಆ ಮುಖ ಅಳಿಸಿದರೆ ಅವನ ಪ್ರಾರ್ಥನೆಯನ್ನೇ ನಿಲ್ಲಿಸಿದ ಹಾಗೆ. ನನಗೆ ಇದು ಬಹಳ ದೊಡ್ಡ ವಿಷಯ.

ಬಿಳಿ ಅಂಗಿ, ಕೆಂಪು ಹೊದಿಕೆ ಅಂದರೆ ಕೊಂಫ್ರಾರಿಯಾದವನು. ಇಗರ್ಜಿಯ ಸೋದರ ಸಂಘ. ಇಂದಿಗೂ ಫೆಸ್ತ್ ಮೆರವಣಿಗೆಯಲ್ಲಿ ಆ ಉಡುಪು ನೋಡುತ್ತೀರಿ.

ಗೋವಾದಲ್ಲಿ ಇಗರ್ಜಿಗೆ ದುಡ್ಡು ಎಲ್ಲಿಂದ ಬಂತು ಅಂತ ನನ್ನ ಜೊತೆ ಬರುವ ನಮ್ಮ ಕನ್ನಡದ ಪ್ರವಾಸಿಗರು ಯಾವಾಗಲೂ ಕೇಳುತ್ತಾರೆ. ಮೇಲೆ ಪೋರ್ಚುಗಲ್ಲಿನ ರಾಜ. ಪೋಪ್‌ಗಳು ಅವನಿಗೆ ಪಾದ್ರೊಆದೊ ಅನ್ನುವ ಹಕ್ಕು ಕೊಟ್ಟಿದ್ದರು. ಇಗರ್ಜಿ ಕಟ್ಟಿಸುವುದು, ಪಾದ್ರಿಗಳ ಸಂಬಳ ಅವನ ಜವಾಬ್ದಾರಿ. ಬಿಷಪ್‌ ಯಾರಾಗಬೇಕು ಅಂತ ಹೆಸರು ಹೇಳುವ ಹಕ್ಕೂ ಅವನದು. ಹಳೇ ಗೋವಾದ ಸೆ ಕೆಥೆಡ್ರಲ್‌ಗೆ ಹೋಗಿ ದೊಡ್ಡ ಆಲ್ತಾರ್ (ಪೂಜಾಪೀಠ) ನೋಡಿ. ಸಂತ ಕ್ಯಾಥರಿನ್‌ಳ ಕತೆಯ ಫಲಕಗಳಿವೆ. ಅವಳ ಗುರುತು ಹಲ್ಲಿನ ಚಕ್ರ, ಅವಳನ್ನು ಹಿಂಸಿಸಲು ತಂದದ್ದು ಮುರಿದು ಬಿತ್ತಂತೆ. ಗೋವಾದ ಕೆಥೆಡ್ರಲ್ ಅವಳ ಹೆಸರಿನಲ್ಲಿ ಯಾಕೆ? 1510ರ ನವೆಂಬರ್ 25ರಂದು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೋವಾವನ್ನು ಗೆದ್ದ. ಅದು ಅವಳ ಹಬ್ಬದ ದಿನ. ಭಕ್ತರಿಗೆ ಅದು ಒಬ್ಬ ಹುತಾತ್ಮ ಹುಡುಗಿ, ರಾಜನಿಗೆ ಅದು ಗೆದ್ದ ತಾರೀಖು. ಒಂದೇ ಚಿತ್ರ ಎರಡನ್ನೂ ಹೇಳುತ್ತದೆ.

ಊರೂರಿನ ದುಡ್ಡಿನ ಕತೆ ನೋವಿನದು. 1540ರ ಸುಮಾರಿಗೆ ಪೋರ್ಚುಗೀಸರು ತಿಸ್ವಾಡಿಯ (ಹಳೇ ಗೋವಾ ಇರುವ ದ್ವೀಪದ) ದೇವಸ್ಥಾನಗಳನ್ನು ಕೆಡವಿದರು. ಅವುಗಳ ಜಮೀನಿನ ಆದಾಯವನ್ನು ಇಗರ್ಜಿಗಳಿಗೆ ತಿರುಗಿಸಿದರು. ನಾನು ಇದನ್ನು ಯಾವ ಪ್ರವಾಸಿಗೂ ಮುಚ್ಚಿಡುವುದಿಲ್ಲ. ಅದಾದ ಮೇಲೆ ತಲೆಮಾರುಗಳ ಕಾಲ ಗಾಂವಕರರು (ಊರಿನ ಮೂಲ ಮನೆತನದವರು), ಕೊಂಫ್ರಾರಿಯಾದವರು, ವಿಧವೆಯರು ತಮ್ಮ ಮನಸ್ಸಿನಿಂದ ಕೊಟ್ಟದ್ದೂ ಇದೆ. ಅದನ್ನೂ ಹೇಳುತ್ತೇನೆ.

ದಾನಿಯನ್ನು ನೋಡಬೇಕು ಅಂದರೆ ಬೊಮ್ ಜೆಸುಸ್ ಬಸಿಲಿಕಾಗೆ ಹೋಗಿ. ಎಲ್ಲರೂ ನೇರ ಸಂತ ಫ್ರಾನ್ಸಿಸ್ ಕ್ಸೇವಿಯರ್ ಕಡೆ ನಡೆದುಬಿಡುತ್ತಾರೆ. ನಡುವೆ ಗೋಡೆಯಲ್ಲಿ ಕೊಚ್ಚಿಯ ಕ್ಯಾಪ್ಟನ್ ಆಗಿದ್ದ ಜೆರೊನಿಮೊ ಮಸ್ಕರೆನ್ಯಸ್ ಎಂಬವನ ಸ್ಮಾರಕ ಇದೆ. 1593ರಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ದುಡ್ಡಿನಿಂದ ಆ ಇಗರ್ಜಿ ಎದ್ದಿತು. ಒಬ್ಬರೂ ನಿಂತು ನೋಡುವುದಿಲ್ಲ. ನಾನು ನಿಲ್ಲಿಸುತ್ತೇನೆ.

ಇನ್ನೊಂದು ಮಾತು, ಇದು ನಿಮಗಾಗಿಯೇ. 16ನೇ ಶತಮಾನದ ಕೊನೆಗೆ ಇಲ್ಲಿಯ ಚರ್ಚಿನವರು ಕ್ರೈಸ್ತರಲ್ಲದ ಕುಶಲಕರ್ಮಿಗಳಿಂದ ದೇವರ ರೂಪ ಮಾಡಿಸಬಾರದು ಅಂತ ಆಜ್ಞೆ ಹೊರಡಿಸಿದರು. ಆಜ್ಞೆ ಮತ್ತೆ ಮತ್ತೆ ಬಂತು ಅಂದರೆ ಕೆಲಸವೂ ನಡೆಯುತ್ತಲೇ ಇತ್ತು ಅಂತ ಅರ್ಥ. ದಂತ, ಮರ, ಬೆಳ್ಳಿ ಎಲ್ಲದರಲ್ಲೂ ಇಲ್ಲಿಯ ಕೈಗಳೇ ಇದ್ದವು. ಹಾಗಾಗಿ ಎಲ್ಲಮ್ಮನ ಭಕ್ತ ಮಾತೆಯ ಚಿತ್ರ ಹಿಡಿದು ಕೂತಿರುವುದು ಹೊಸದೇನಲ್ಲ.

ಪುಣೆ ವಿದ್ಯಾರ್ಥಿನಿ, ಊರು ಧಾರವಾಡ:

ಗೈಡ್ ಸರ್ ಹೇಳಿದ್ದರಲ್ಲಿ ಒಂದು ಮಾತ್ರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕೆಂಪು ಹೊದಿಕೆ ಇದ್ದರೆ ಅವನೊಬ್ಬನೇ ದುಡ್ಡು ಕೊಟ್ಟ ಅಂತ ಹೇಳಲು ಆಗುವುದಿಲ್ಲ. ಸಂಘವೇ ದುಡ್ಡು ಕೂಡಿಸಿ ಒಬ್ಬನನ್ನು ಎಲ್ಲರ ಪರವಾಗಿ ನಿಲ್ಲಿಸಿರಬಹುದು. ಹಾಗಿದ್ದರೆ ಆ ಮುಖ ಒಂದು ಊರಿನದು. ಅಳಿಸುವುದು ಇನ್ನೂ ತಪ್ಪು.

ಪೇಂಟರ್ ಅಂಕಲ್, ನೀವು ಬಣ್ಣ ಬಲ್ಲವರು, ಅದಕ್ಕೆ ಈ ಕತೆ ಹೇಳುತ್ತೇನೆ. ಇಟಲಿಯ ಫ್ಲಾರೆನ್ಸ್‌ನಲ್ಲಿ ಅನಾಥ ಶಿಶುಗಳ ಒಂದು ಆಶ್ರಮ ಇತ್ತು. ಅದರ ಹೆಸರು ಇನ್ನೊಚೆಂತಿ, ಅಂದರೆ ಯೇಸು ಹುಟ್ಟಿದಾಗ ಹೆರೋದ ರಾಜ ಕೊಲ್ಲಿಸಿದ ಮುಗ್ಧ ಮಕ್ಕಳ ಹೆಸರು. 1485ರಲ್ಲಿ ಅಲ್ಲಿಯ ಮುಖ್ಯಸ್ಥರು ಗಿರ್ಲಾಂದಾಯೊ ಎಂಬ ಚಿತ್ರಕಾರನ ಜೊತೆ ಕರಾರು ಬರೆದರು. ಮೂವರು ಜ್ಞಾನಿಗಳು ಮಗು ಯೇಸುವಿಗೆ ನಮಿಸುವ ಚಿತ್ರ. ಬೆಲೆ 115 ಫ್ಲೋರಿನ್ (ಅಲ್ಲಿಯ ಚಿನ್ನದ ನಾಣ್ಯ). ನೀಲಿ ಮಾತ್ರ ಔನ್ಸಿಗೆ ನಾಲ್ಕು ಫ್ಲೋರಿನ್ ಬೆಲೆಯ ಅಲ್ಟ್ರಾಮರೀನ್ ಆಗಿರಬೇಕು ಅಂತ ಕರಾರಿನಲ್ಲೇ ಇದೆ. ಆ ನೀಲಿ ಅಫ್ಘಾನಿಸ್ತಾನದ ಬದಖ್ಶಾನದ ಕಲ್ಲು ಅರೆದು ತೆಗೆದದ್ದು. ಮಾತೆಯ ಹೊದಿಕೆ ನೀಲಿ ಆಗಿದ್ದು ಆಕಾಶದ ಗುರುತು ಅಂತ ಮಾತ್ರ ಅಲ್ಲ. ಇದ್ದದ್ದರಲ್ಲಿ ದುಬಾರಿಯದ್ದನ್ನು ಅವಳಿಗೆ ಕೊಟ್ಟೆವು ಅಂತಲೂ ಹೌದು. ಅದೇ ಚಿತ್ರದಲ್ಲಿ ಮುಂದೆ ಇಬ್ಬರು ಪುಟ್ಟ ಮಕ್ಕಳು ಮಂಡಿಯೂರಿದ್ದಾರೆ, ಬಿಳಿ ಬಟ್ಟೆ, ಮೈಮೇಲೆ ಗಾಯ. ಆಶ್ರಮದ ಹೆಸರಿನ ಮಕ್ಕಳು ಅವರು. ಮೊದಲ ಸಲ ಅದರ ಫೋಟೋ ನೋಡಿದಾಗ ನಾನು ಪುಟ ತಿರುಗಿಸದೆ ಬಹಳ ಹೊತ್ತು ಕೂತಿದ್ದೆ.

1820ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಆ ನೀಲಿಯನ್ನು ಕಾರ್ಖಾನೆಯಲ್ಲಿ ಮಾಡುವ ದಾರಿ ಸಿಕ್ಕಿತು. ಆಮೇಲೆ ಅದೇ ಅಲ್ಟ್ರಾಮರೀನ್ ಬಿಳಿ ಬಟ್ಟೆಗೆ ಹಾಕುವ ನೀಲಿಯಾಗಿ ನಮ್ಮ ಮನೆಗಳಿಗೂ ಬಂತು.

ಮುಖ್ಯವಾದ ಸಲಹೆ ಇಷ್ಟೇ. ಫೆಸ್ತಾಕಾರ್ ಜೊತೆ ನೀವೇ ವಾದ ಮಾಡಬೇಡಿ, ವಿಗಾರ್ (ಇಗರ್ಜಿಯ ಮುಖ್ಯ ಪಾದ್ರಿ) ಹತ್ತಿರ ಹೋಗಿ. 1563ರ ಡಿಸೆಂಬರ್‌ನಲ್ಲಿ ಕಥೋಲಿಕ ಬಿಷಪ್‌ಗಳ ಟ್ರೆಂಟ್ ಮಹಾಸಭೆ ಒಂದು ನಿಯಮ ಮಾಡಿತು. ಇಗರ್ಜಿಯಲ್ಲಿ ರೂಢಿಯಲ್ಲಿಲ್ಲದ ಚಿತ್ರ ಇಡಬೇಕಾದರೆ ಬಿಷಪ್ ಒಪ್ಪಬೇಕು. ಹತ್ತು ವರ್ಷದ ಮೇಲೆ ವೆನಿಸ್‌ನಲ್ಲಿ ವೆರೊನೇಸೆ ಎಂಬ ಚಿತ್ರಕಾರ ಯೇಸುವಿನ ಕೊನೆಯ ಊಟದ ಚಿತ್ರದಲ್ಲಿ ನಾಯಿ, ಕುಳ್ಳ, ಜರ್ಮನ್ ಸೈನಿಕರನ್ನೆಲ್ಲ ಬರೆದ. ಚರ್ಚಿನ ವಿಚಾರಣಾ ಮಂಡಳಿಯವರು ಕರೆದು ಮೂರು ತಿಂಗಳಲ್ಲಿ ಸರಿಮಾಡು ಅಂದರು. ಅವನು ಚಿತ್ರದ ಹೆಸರು ಬದಲಿಸಿ 'ಲೇವಿಯ ಮನೆಯ ಔತಣ' ಅಂತ ಬರೆದ. ಅಂದರೆ ಏನು ಬರೆಯಬೇಕು ಅನ್ನುವುದು ದುಡ್ಡು ಕೊಟ್ಟವನೊಬ್ಬನ ಕೈಯಲ್ಲಿ ಯಾವತ್ತೂ ಇರಲಿಲ್ಲ.

ಹಾಗಂತ ಹೊಸದು ಬರೆಯಲೇಬಾರದು ಅಂತ ಅಲ್ಲ. ಗೋವಾದ ಸಾಂತೊ ಎಸ್ತೆವಾಂವ್‌ನಲ್ಲಿ 1902ರಲ್ಲಿ ಹುಟ್ಟಿದ ಆಂಜೆಲೊ ದಾ ಫೊನ್ಸೆಕ ಶಾಂತಿನಿಕೇತನದಲ್ಲಿ ಕಲಿತು ಬಂದು ಮಾತೆಗೆ ಸೀರೆ ಉಡಿಸಿದರು. ಊರಲ್ಲಿ ಹಲವರಿಗೆ ಹಿಡಿಸಲಿಲ್ಲ. ಅವರು ಇಲ್ಲಿಗೆ ಬಂದು, ಪುಣೆಯ ಕ್ರಿಸ್ತ ಪ್ರೇಮ ಸೇವಾ ಆಶ್ರಮದಲ್ಲಿದ್ದು ಬರೆದರು. 1967ರಲ್ಲಿ ತೀರಿಕೊಂಡರು. ಆದರೆ ಅವರು ಬರೆದದ್ದು ತಮ್ಮ ಸ್ವಂತ ಹಾಳೆಯ ಮೇಲೆ. ಬೇರೆಯವರ ಚಿತ್ರವನ್ನು ಅಳಿಸಿ ಬರೆಯಲಿಲ್ಲ.

ಮತ್ತೆ, ಹಳೆಯದನ್ನು ಮುಟ್ಟದೆ ಹೊಸ ಕ್ಯಾನ್ವಾಸ್ ಮೇಲೆ ನೀವು ನಕಲು ಮಾಡುವುದಾದರೆ ಈಗ ಕಾಣುವ ಹಸಿರುಗಪ್ಪು ನೀಲಿಯನ್ನು ನಂಬಬೇಡಿ. ಅದು ವಾರ್ನಿಶ್ ಬಣ್ಣ. ಚೌಕಟ್ಟು ಮುಚ್ಚಿರುವ ಅಂಚಿನಲ್ಲಿ ನೋಡಿ.

ವಾಸ್ಕೋ ಪೇಂಟರ್:

ಎಲ್ಲರಿಗೂ ಕೈ ಮುಗಿಯುತ್ತೇನೆ. ನಡೆದದ್ದು ಹೇಳುತ್ತೇನೆ.

ಭಾನುವಾರ ಮಿಸ್ (ಇಗರ್ಜಿಯ ಪೂಜೆ) ಮುಗಿದ ಮೇಲೆ ವಿಗಾರ್ ಹತ್ತಿರ ಹೋದೆ. ನೀವು ಬರೆದದ್ದನ್ನೆಲ್ಲ ನನ್ನ ಅರ್ಧಂಬರ್ಧ ಕೊಂಕಣಿಯಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿ, ಸಂಜೆ ತಾವೇ ನಮ್ಮ ಮನೆಗೆ ಬಂದರು. ಫೆಸ್ತಾಕಾರ್‌ರನ್ನೂ ಕರೆಸಿದರು. ಮೂವರೂ ಸೇರಿ ಚಿತ್ರವನ್ನು ಮಂಚದ ಮೇಲೆ ಮಲಗಿಸಿ ಹಿಂದಿನ ಮೊಳೆ ಒಂದೊಂದೇ ಬಿಚ್ಚಿ ಚೌಕಟ್ಟು ಎತ್ತಿದೆವು.

ಅಂಚಿನಲ್ಲಿ ಎರಡು ಬೆರಳಷ್ಟು ಅಗಲ ನೀಲಿ. ನಿನ್ನೆ ಬಳಿದ ಹಾಗೆ! ತಂಗಿ, ನೀವು ಹೇಳದಿದ್ದರೆ ನಾನು ಪ್ರಷ್ಯನ್ ಬ್ಲೂಗೆ ಕಪ್ಪು ಬೆರೆಸಿ ಕೆಡಿಸುತ್ತಿದ್ದೆ.

ಕೆಳಗಿನ ಅಂಚಿನಲ್ಲಿ, ಮಂಡಿಯೂರಿದವನ ಕಾಲ ಹತ್ತಿರ, ಅಕ್ಷರ ಇದ್ದವು. ಇಷ್ಟು ವರ್ಷ ಚೌಕಟ್ಟಿನ ಕೆಳಗೆ ಮುಚ್ಚಿಹೋಗಿದ್ದವು. ವಿಗಾರ್ ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು. 'ಮಂದೋವ್ ಫಜೇರ್.' ಪೋರ್ಚುಗೀಸಿನಲ್ಲಿ 'ಮಾಡಿಸಿದನು' ಅಂತ. ಅದರ ಹಿಂದೆ ಹೆಸರು ಇದ್ದ ಜಾಗದಲ್ಲಿ ಬಣ್ಣ ಪೂರ್ತಿ ಉದುರಿ ಬರೀ ನೂಲು ಕಾಣುತ್ತದೆ. ಮಾಡಿಸಿದನು ಅಂತ ಉಳಿದಿದೆ, ಯಾರು ಅನ್ನುವುದು ಹೋಗಿದೆ.

ಫೆಸ್ತಾಕಾರ್ ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ ಫೋನ್ ತೆಗೆದು ತಂದೆಯ ಇನ್ನೊಂದು ಫೋಟೋ ತೋರಿಸಿದರು. ಮೆರವಣಿಗೆಯಲ್ಲಿ ತೆಗೆದದ್ದು. ಬಿಳಿ ಅಂಗಿ, ಕೆಂಪು ಹೊದಿಕೆ. ಮುಖ ಬರೆಯಿರಿ ಅನ್ನುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಈಗ ಹೀಗೆ ಆಗಿದೆ. ಹಳೆಯ ಚಿತ್ರಕ್ಕೆ ಯಾರೂ ಬಣ್ಣ ಮುಟ್ಟಿಸುವುದಿಲ್ಲ. ತಿಳಿದವರಿಗೆ ತೋರಿಸುತ್ತೇವೆ ಅಂತ ವಿಗಾರ್ ಹತ್ತಿ ಬಟ್ಟೆ ಸುತ್ತಿ ತೆಗೆದುಕೊಂಡು ಹೋದರು. ಅದಕ್ಕೂ ಮೊದಲು ಟ್ರೇಸಿಂಗ್‌ಗೆ ಬೇಕಾದ ಫೋಟೋಗಳನ್ನು ಹಗಲು ಬೆಳಕಿನಲ್ಲಿ ತೆಗೆದುಕೊಂಡಿದ್ದೇನೆ. ನಾನು ಹೊಸ ಕ್ಯಾನ್ವಾಸ್ ಮೇಲೆ ಚೌಕ ಹಾಕಿ ಅದೇ ಅಳತೆಯಲ್ಲಿ ನಕಲು ಬರೆಯಬೇಕು. ಹಾವು ಇರುತ್ತದೆ, ಹಣ್ಣು ಇರುತ್ತದೆ, 12 ನಕ್ಷತ್ರ ಇರುತ್ತವೆ. ಮೂಲೆಯವನೂ ತನ್ನ ಮುಖದ ಜೊತೆ ಇರುತ್ತಾನೆ. ಫೆಸ್ತಾಕಾರ್ ತಂದೆಯ ಹೆಸರು ಚಿತ್ರದ ಕೆಳಗೆ ಬೇರೆ ಸಾಗವಾನಿ ಹಲಗೆಯ ಮೇಲೆ. 'ತಂದೆಯ ನೆನಪಿಗೆ ಮಗ ಮಾಡಿಸಿದನು' ಅಂತ. ಮಾಡಿಸಿದನು ಅನ್ನುವುದನ್ನು ಅದೇ ಎರಡು ಪೋರ್ಚುಗೀಸ್ ಪದದಲ್ಲೇ ಬರೆಯಿರಿ ಅಂದರು. ಅಕ್ಷರ ಬರೆಯುವುದು ನನ್ನ ಕಸುಬು. ಹಳೆಯವನು ಬರೆದ 'ಎಫ್' ಅಕ್ಷರದ ಬಾಲ ಎಡಕ್ಕೆ ಸ್ವಲ್ಪ ಬಾಗಿದೆ, ಬ್ರಶ್ ಎತ್ತುವ ಮೊದಲು ಒಂದು ಗಳಿಗೆ ನಿಂತ ಗುರುತು ಇದೆ. ನಿನ್ನೆ ರಾತ್ರಿಯಿಂದ ಪೇಪರ್ ಮೇಲೆ ಅದನ್ನೇ ಬರೆಯುತ್ತಿದ್ದೇನೆ. ಇನ್ನೂ ಸರಿಯಾಗಿ ಬಂದಿಲ್ಲ.

ಅಕ್ಕಾ, ಒಂದು ಕೇಳುವುದಿದೆ. ಸ್ತ್ರೀ ಸೂರ್ಯನನ್ನು ಉಟ್ಟಿದ್ದಾಳೆ ಅಂದಿರಲ್ಲ. ಹಿಂದಿನ ಹಳದಿ ಬೆಳಕು ಚಂದ್ರನ ಮೇಲೂ ಬೀಳಬೇಕಾ, ಇಲ್ಲ ಚಂದ್ರ ಬೆಳ್ಳಗೇ ಇರಬೇಕಾ? ಹಳೆಯದರಲ್ಲಿ ವಾರ್ನಿಶ್‌ನಿಂದ ಗೊತ್ತಾಗುತ್ತಿಲ್ಲ.